ಬಿಗಿ ಮಾಡುವ ಮುನ್ನ ಆಚೆಯವರನ್ನೂ ಕೇಳಿ

"ಸಾರ್, ಪಾಸ್‌ವರ್ಡ್ ಸರಿಯಾಗೇ ಹಾಕ್ತಿದ್ದೀನಿ. ನಮ್ಮ ಫೈಲೆಲ್ಲಾ ತೆರೀತಿದೆ, ಆ ಕಂಪನಿಯವರ ಫೋಲ್ಡರ್ ಮಾತ್ರ ಒಳಗೇ ಬಿಡ್ತಿಲ್ಲ." ಬೆಂಗಳೂರಿನ ಕಚೇರಿಗಳಲ್ಲಿ ಸರ್ವರ್ ನೋಡಿಕೊಳ್ಳುವ ನಮ್ಮಂಥವರಿಗೆ ಈ ದೂರು ಚಿರಪರಿಚಿತ. ಒಂದು ಕಂಪನಿ ಇನ್ನೊಂದನ್ನು ಕೊಂಡ ಮೇಲೆ ಇಬ್ಬರ ಜಾಲಗಳನ್ನೂ ಜೋಡಿಸಿರುತ್ತಾರಲ್ಲ, ಅಲ್ಲಿ ಇದು ಹೆಚ್ಚು.

ಒಂದೇ ಆಡಳಿತಕ್ಕೆ ಸೇರಿದ ಕಂಪ್ಯೂಟರುಗಳು ಮತ್ತು ಬಳಕೆದಾರರ ಗುಂಪನ್ನು ವಿಂಡೋಸ್‌ನಲ್ಲಿ ಡೊಮೇನ್ ಎನ್ನುತ್ತಾರೆ. ಅದರ ಲೆಕ್ಕಪತ್ರ ಇಡುವ ಸರ್ವರೇ ಡೊಮೇನ್ ಕಂಟ್ರೋಲರ್. ಎರಡು ಡೊಮೇನ್‌ಗಳ ನಡುವೆ ಟ್ರಸ್ಟ್ ಏರ್ಪಟ್ಟರೆ ಇಲ್ಲಿಯ ನೌಕರನಿಗೆ ಅಲ್ಲಿ ಬೇರೆ ಖಾತೆ ಬೇಕಿಲ್ಲ. ಇಲ್ಲಿಯ ಕಂಟ್ರೋಲರ್ ಅವನಿಗೊಂದು ಟಿಕೆಟ್ ಕೊಡುತ್ತದೆ. ಎರಡೂ ಕಡೆಗೆ ಮಾತ್ರ ಗೊತ್ತಿರುವ ಗುಟ್ಟಿನ ಕೀಲಿಯಿಂದ ಅದನ್ನು ಮುಚ್ಚಿರುತ್ತದೆ. ಆಚೆಯ ಕಂಟ್ರೋಲರ್ ಅದನ್ನು ಬಿಡಿಸಿ ನೋಡಿ ಒಪ್ಪಿಕೊಳ್ಳುತ್ತದೆ. ಈ ಪದ್ಧತಿಯ ಹೆಸರು ಕೆರ್ಬೆರೋಸ್. ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಇದು ವಿಂಡೋಸ್ 2000ರೊಂದಿಗೆ ನಮ್ಮ ಕಚೇರಿಗಳಿಗೆ ಬಂತು.

ದೂರು ಬಂದಾಗ ನಾನು ಮೊದಲು ಮೂರು ಸಂಗತಿ ನೋಡುತ್ತೇನೆ. ಡಿಎನ್‌ಎಸ್ ಆಚೆಯ ಕಂಟ್ರೋಲರಿನ ವಿಳಾಸ ಸರಿಯಾಗಿ ಹೇಳುತ್ತಿದೆಯೇ? ಎರಡೂ ಕಡೆಯ ಗಡಿಯಾರ ಹೊಂದುತ್ತಿವೆಯೇ? 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಕೆರ್ಬೆರೋಸ್ ಸಾಮಾನ್ಯವಾಗಿ ಒಪ್ಪುವುದಿಲ್ಲ. ಕದ್ದ ಸಂದೇಶವನ್ನು ಆಮೇಲೆ ಯಾರೂ ಮರುಬಳಕೆ ಮಾಡಬಾರದೆಂದೇ ಈ ಕಟ್ಟುನಿಟ್ಟು. ಫೈರ್‌ವಾಲಿನಲ್ಲಿ 88, 389, 445ರಂಥ ಪೋರ್ಟುಗಳು ತೆರೆದಿವೆಯೇ? ಮೂರೂ ಸರಿಯಿದ್ದರೆ ಉಳಿಯುವುದು ಒಂದೇ ಪ್ರಶ್ನೆ: ಇತ್ತೀಚೆಗೆ ಯಾರಾದರೂ ಸೆಕ್ಯುರಿಟಿ ಪಾಲಿಸಿ ಬದಲಿಸಿದರೇ?

ಬಹಳ ಸಲ ಉತ್ತರ 'ಹೌದು' ಎಂದೇ ಇರುತ್ತದೆ. ಆಡಿಟ್‌ನವರು ಆರ್‌ಸಿ4 ನಿಲ್ಲಿಸಿ ಎಂದು ಬರೆದಿರುತ್ತಾರೆ. ಅದು ರಾನ್ ರಿವೆಸ್ಟ್ 1987ರಲ್ಲಿ ರೂಪಿಸಿದ ಗೂಢಲಿಪಿ. ಇಂದಿಗೆ ದುರ್ಬಲ, ಆಡಿಟ್‌ನವರ ಮಾತು ನ್ಯಾಯವೇ. ಒಂದು ಕಡೆಯವರು ಪಾಲಿಸಿಯಲ್ಲಿ ಅದಕ್ಕಿಂತ ಬಲವಾದ ಎಇಎಸ್ ಗೂಢಲಿಪಿಯನ್ನು ಮಾತ್ರ ಉಳಿಸುತ್ತಾರೆ. ಆದರೆ ಆಚೆಯ ಡೊಮೇನ್‌ಗೂ ಎಇಎಸ್ ಬರುತ್ತದೆ ಎಂದು ಟ್ರಸ್ಟಿನ ದಾಖಲೆಯಲ್ಲಿ ಗುರುತು ಹಾಕಿರುವುದಿಲ್ಲ. ಹಾಗೆ ಗುರುತಿಲ್ಲದ ಟ್ರಸ್ಟಿನ ಟಿಕೆಟ್ಟಿಗೆ ವಿಂಡೋಸ್ ಬಹುಕಾಲ ಆರ್‌ಸಿ4ನ್ನೇ ಬಳಸುತ್ತಿತ್ತು. ಪಾಸ್‌ವರ್ಡ್ ಸರಿ, ಜಾಲ ಸರಿ, ಆದರೂ ಬಾಗಿಲು ಮುಚ್ಚುತ್ತದೆ.

ಇದರ ಸುಳಿವು ಕಂಟ್ರೋಲರಿನ ಲಾಗ್‌ನಲ್ಲೇ ಸಿಗುತ್ತದೆ. 4769 ಎಂಬ ದಾಖಲೆ ತೆರೆದರೆ ಟಿಕೆಟ್ ಎನ್‌ಕ್ರಿಪ್ಷನ್ ಬಗೆಯ ಸಾಲಿದೆ. ಅದರ ಕೊನೆಯಲ್ಲಿ 17 ಇದ್ದರೆ ಆರ್‌ಸಿ4, 12 ಇದ್ದರೆ 256 ಬಿಟ್‌ನ ಎಇಎಸ್. ಪಾಲಿಸಿ ಬದಲಾಗುವ ಹಿಂದಿನ ದಿನದವರೆಗೂ ಆಚೆಯ ಡೊಮೇನ್‌ನ ಹೆಸರಿನ ಮುಂದೆ 17 ಸಾಲುಗಟ್ಟಿದ್ದರೆ ಕಾರಣ ಸಿಕ್ಕಿತೆಂದೇ ಲೆಕ್ಕ. ಟ್ರಸ್ಟಿನ ಪ್ರಾಪರ್ಟೀಸ್‌ನಲ್ಲಿ ಎಇಎಸ್ ಬೆಂಬಲದ ಚೌಕಕ್ಕೆ ಟಿಕ್ ಹಾಕಿದರೆ ಕೆಲಸ ಸಾಮಾನ್ಯವಾಗಿ ಮುಗಿಯುತ್ತದೆ.

ಆ ಹೊತ್ತಿಗೆ ಮೇಲಿನವರ ಒತ್ತಡ ಜೋರಾಗಿರುತ್ತದೆ: "ಮೊದಲಿದ್ದ ಹಾಗೇ ಮಾಡಿಬಿಡಿ." ಇದಕ್ಕೆ ಮಣಿಯಬಾರದು. ತಾತ್ಕಾಲಿಕ ಎಂದು ಸಡಿಲಿಸಿದ್ದನ್ನು ಮತ್ತೆ ಬಿಗಿ ಮಾಡಲು ಯಾರಿಗೂ ನೆನಪಾಗುವುದಿಲ್ಲ. ದಾಳಿಕೋರರು ಹುಡುಕುವುದು ಅಂಥ ಸಂದನ್ನೇ.

ಹಾಗೆಂದು ಬಿಗಿ ಮಾಡುವುದಕ್ಕೂ ಒಂದು ಕ್ರಮ ಬೇಕು. 2020ರಲ್ಲಿ ಜೀರೋಲಾಗನ್ ಎಂಬ ದೋಷ ಬಯಲಾಯಿತು. ಪಾಸ್‌ವರ್ಡೇ ಇಲ್ಲದೆ ಡೊಮೇನ್ ಕಂಟ್ರೋಲರನ್ನು ವಶಪಡಿಸಿಕೊಳ್ಳಬಹುದಾದಷ್ಟು ಗಂಭೀರ ದೋಷ ಅದು. ಅಷ್ಟಾದರೂ ಮೈಕ್ರೋಸಾಫ್ಟ್ ಎಲ್ಲವನ್ನೂ ಒಂದೇ ಏಟಿಗೆ ಬಿಗಿ ಮಾಡಲಿಲ್ಲ. ಆಗಸ್ಟ್‌ನಲ್ಲಿ ಪ್ಯಾಚ್ ಕೊಟ್ಟಿತು. ಹಳೆಯ ರೀತಿಯಲ್ಲೇ ಮಾತಾಡುತ್ತಿದ್ದ ಸಾಧನಗಳ ಹೆಸರು 5829 ಎಂಬ ದಾಖಲೆಯಲ್ಲಿ ಬೀಳುವಂತೆ ಮಾಡಿತು. 2021ರ ಫೆಬ್ರವರಿಯಲ್ಲಿ ಹೊಸ ರೀತಿಯನ್ನು ಕಡ್ಡಾಯಗೊಳಿಸಿತು. ನಮ್ಮ ಕಚೇರಿಗಳಿಗೂ ಇದೇ ಕ್ರಮ ಬೇಕು. ಮೊದಲು ಲಾಗ್ ನೋಡಿ ಹಳೆಯದನ್ನು ಯಾರು ಬಳಸುತ್ತಿದ್ದಾರೆಂದು ಪಟ್ಟಿ ಮಾಡಬೇಕು, ಎರಡೂ ಕಡೆಯ ಅಡ್ಮಿನ್‌ಗಳು ಕೂತು ದಿನ ಗೊತ್ತುಮಾಡಬೇಕು, ಬದಲಾವಣೆ ಅದಾದ ಮೇಲೆ. ಟ್ರಸ್ಟ್‌ಗೆ ಎರಡು ಬದಿ ಇವೆ. ಒಬ್ಬರೇ ನಿರ್ಧರಿಸಿದರೆ ಕೆಲಸ ನಿಲ್ಲುವುದು ಇಬ್ಬರದೂ.