ಹಾವಿನ ವಿಷ: ಹೆದರಿಕೆ ಬೇಡ, ತಡವೂ ಬೇಡ

ಒಂದು ಸಂಜೆ ಕಲಿಕಾ ಕೇಂದ್ರದಲ್ಲಿ "ಹಾವು" ಎಂಬ ಪದ ಬರೆಯುತ್ತಿದ್ದೆವು. ಒಬ್ಬ ಅಕ್ಕ ಕೇಳಿದರು: "ಟೀಚರೇ, ಹಾವು ಕಚ್ಚಿದ್ರೆ ಮೊದ್ಲು ಹಗ್ಗ ಬಿಗೀಬೇಕಲ್ವಾ?"

ಬೇಡ ಅಕ್ಕ. ಏಕೆ ಬೇಡ? ವಿಷದ ಕೆಲಸ ತಿಳಿದರೆ ಅದು ಅರ್ಥವಾಗುತ್ತದೆ.

ವಿಷ ಎಂದರೆ ಹಾವಿನ ಒಂದು ಬಗೆಯ ಜೊಲ್ಲು. ಇಲಿ, ಕಪ್ಪೆ ಹಿಡಿಯಲು ಹಾವಿಗೆ ಅದು ಬೇಕು. ಹಲ್ಲಿನ ಮೂಲಕ, ಸೂಜಿ ಚುಚ್ಚಿದ ಹಾಗೆ, ಅದು ಮೈಗೆ ಇಳಿಯುತ್ತದೆ.

ಎಲ್ಲ ಹಾವಿಗೂ ವಿಷವಿಲ್ಲ. ಕೇರೆ ಹಾವಿಗೆ ವಿಷವಿಲ್ಲ. ನಮ್ಮ ದೇಶದಲ್ಲಿ ಹೆಚ್ಚು ಪ್ರಾಣ ತೆಗೆಯುವ ಹಾವುಗಳು ನಾಲ್ಕು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ.

ನಾಗರಹಾವು, ಕಟ್ಟುಹಾವಿನ ವಿಷ ನರಗಳನ್ನು ಹಿಡಿಯುತ್ತದೆ. ಕಣ್ಣಿನ ರೆಪ್ಪೆ ಜೋತು ಬೀಳುತ್ತದೆ. ಮಾತು ತೊದಲುತ್ತದೆ. ಕೊನೆಗೆ ಉಸಿರು ನಿಲ್ಲಬಹುದು. ಕಟ್ಟುಹಾವು ರಾತ್ರಿ ಬರುತ್ತದೆ. ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವೂ ಇರದು, ಗುರುತೂ ಕಾಣದು. ಬೆಳಗಿನ ಜಾವ ಹೊಟ್ಟೆನೋವು ಬಂದು ರೆಪ್ಪೆ ಜೋತರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಮಂಡಲದ ಹಾವುಗಳ ವಿಷ ರಕ್ತವನ್ನು ಕೆಡಿಸುತ್ತದೆ. ಹೆಪ್ಪು ಹಾಕಿದ ಹಾಲು ಗಟ್ಟಿಯಾಗುತ್ತದಲ್ಲ, ಹಾಗೆಯೇ ಗಾಯದ ರಕ್ತವೂ ಹೆಪ್ಪುಗಟ್ಟಬೇಕು. ಈ ವಿಷ ಸೇರಿದರೆ ಗಟ್ಟುವುದಿಲ್ಲ. ಆಸ್ಪತ್ರೆಯಲ್ಲಿ ಗಾಜಿನ ಕೊಳವೆಗೆ ರಕ್ತ ಹಾಕಿ, 20 ನಿಮಿಷ ಇಟ್ಟು ನೋಡುತ್ತಾರೆ.

ಈಗ ಹಗ್ಗದ ಮಾತು. ಬಿಗಿದರೆ ರಕ್ತದ ಓಡಾಟ ನಿಂತು ಕೈಕಾಲು ಕೊಳೆಯಬಹುದು. ಗಾಯ ಕುಯ್ದರೆ ರಕ್ತ ನಿಲ್ಲದೆ ಹರಿಯಬಹುದು.

"ಮಂತ್ರ ಹಾಕಿಸಿದೋರು ಉಳ್ಕೊಂಡವ್ರಲ್ಲ ಟೀಚರೇ?" ಎಂದರು ಇನ್ನೊಬ್ಬರು.

ಹೌದು. ಅವರಿಗೆ ಕಚ್ಚಿದ್ದು ವಿಷವಿಲ್ಲದ ಹಾವಿರಬಹುದು. ವಿಷದ ಹಾವೂ ಕೆಲವು ಸಲ ವಿಷ ಬಿಡದೆ ಕಚ್ಚುತ್ತದೆ. ಅಂಥವರು ಮಂತ್ರವಿಲ್ಲದೆಯೂ ಉಳಿಯುತ್ತಿದ್ದರು. ವಿಷ ಇಳಿದಿದ್ದರೆ, ಮಂತ್ರಕ್ಕೆ ಕಳೆದ ಹೊತ್ತೇ ಪ್ರಾಣ ತೆಗೆಯುತ್ತದೆ.

ವಿಷಕ್ಕೆ ಮದ್ದು ಒಂದೇ. ಅದು ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷ. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಕೊಡುತ್ತಾರೆ. ಅದರ ರಕ್ತದಲ್ಲಿ ವಿಷ ತಡೆಯುವ ಶಕ್ತಿ ಹುಟ್ಟುತ್ತದೆ. ಅದರಿಂದ ಈ ಮದ್ದು ಮಾಡುತ್ತಾರೆ. ಇದನ್ನು ಆ ನಾಲ್ಕೂ ಹಾವುಗಳ ವಿಷಕ್ಕೆಂದೇ ಮಾಡಿರುತ್ತಾರೆ. ಆದ್ದರಿಂದ ಹಾವನ್ನು ಹೊಡೆದು ಒಯ್ಯಬೇಕಿಲ್ಲ.

ಹಾವು ಕಚ್ಚಿದರೆ ಏನು ಮಾಡಬೇಕು?

1. ಧೈರ್ಯ ಹೇಳಿ. ನಡೆಸಬೇಡಿ, ಓಡಿಸಬೇಡಿ.
2. ಬಳೆ, ಉಂಗುರ ತೆಗೆಯಿರಿ. ಊತ ಬಂದರೆ ಅವು ಬಿಗಿಯುತ್ತವೆ. ಕಾಲುಂಗುರ ತೆಗೆಯಲೂ ಹಿಂಜರಿಯಬೇಡಿ. ಜೀವ ದೊಡ್ಡದು.
3. ಕಚ್ಚಿದ ಕೈ ಅಥವಾ ಕಾಲಿಗೆ ಕೋಲು ಇಟ್ಟು, ಬಟ್ಟೆಯಿಂದ ಸಡಿಲವಾಗಿ ಕಟ್ಟಿ. ಅದು ಅಲುಗಾಡಬಾರದು.
4. 108ಕ್ಕೆ ಫೋನ್ ಮಾಡಿ. ಅಥವಾ ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಹೊರಡಿ.

ರಾತ್ರಿ ಹೊರಗೆ ಹೋಗುವಾಗ ಬ್ಯಾಟರಿ ಹಿಡಿಯಿರಿ. ಮಲಗುವಾಗ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ. ಸೌದೆ ತೆಗೆಯುವ ಮೊದಲು ಕೋಲಿನಿಂದ ತಟ್ಟಿ.

ಅಕ್ಕಂದಿರೇ, ಇಂದು ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಗೋಡೆಯ ಮೇಲೆ 108 ಎಂದು ದಪ್ಪಗೆ ಬರೆಯಿರಿ. ನೀವು ಕಲಿತ ಅಂಕಿ ಒಂದು ಜೀವ ಉಳಿಸಬಹುದು.