ಮಲತಾಯಿ ಎಂದರೆ ವಿಲನ್ನೇ ಆಗಬೇಕೆ?

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಅಪ್ಪ ಎರಡನೇ ಮದುವೆಯಾದರು. ಅಮ್ಮ ತೀರಿಕೊಂಡು ಆಗ ಮೂರು ವರ್ಷ. ಚಿಕ್ಕಮ್ಮನ ಜೊತೆ ಅವರ ಮಗಳೂ ಬಂದಳು. ನನಗಿಂತ ನಾಲ್ಕು ವರ್ಷ ಚಿಕ್ಕವಳು. ನೆಂಟರು ನನ್ನನ್ನು ಪಕ್ಕಕ್ಕೆ ಕರೆದು ಕೇಳುತ್ತಿದ್ದುದು ಒಂದೇ ಮಾತು: ‘ಚೆನ್ನಾಗಿ ನೋಡ್ಕೋತಾರೇನೋ?’

ಒಂದು ಭಾನುವಾರ ಟಿ.ವಿ.ಯಲ್ಲಿ ರವಿಚಂದ್ರನ್ ಅವರ ‘ಅಣ್ಣಯ್ಯ’ ಬರುತ್ತಿತ್ತು. ಆಸ್ತಿಯ ಆಸೆಗೆ ಮಲಮಗನನ್ನು ಓದಿಸದೆ ಬೆಳೆಸುವ ಮಲತಾಯಿಯ ಕಥೆ. ಎಲ್ಲರೂ ಒಟ್ಟಿಗೇ ಕೂತಿದ್ದೆವು. ಅರ್ಧದಲ್ಲಿ ಚಿಕ್ಕಮ್ಮ ‘ಹಾಲು ಉಕ್ಕುತ್ತೇನೋ’ ಎಂದು ಎದ್ದು ಹೋದರು. ಸ್ವಲ್ಪ ಹೊತ್ತಿಗೆ ನಾನು ನೀರು ಕುಡಿಯಲು ಅಡುಗೆಮನೆಗೆ ಹೋದೆ. ಒಲೆ ಹಚ್ಚಿಯೇ ಇರಲಿಲ್ಲ.

ಆ ಕಥೆಯ ಬೇರು ಕನ್ನಡದ್ದೇ. ಬಿ. ಪುಟ್ಟಸ್ವಾಮಯ್ಯನವರ ‘ಅರ್ಧಾಂಗಿ’ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1969ರಲ್ಲಿ ‘ಮಲ್ಲಮ್ಮನ ಪವಾಡ’ ಮಾಡಿದರು. ಅದೇ ಕಥೆ 1987ರಲ್ಲಿ ತಮಿಳಿನ ‘ಎಂಗ ಚಿನ್ನ ರಾಸ’, 1992ರಲ್ಲಿ ಹಿಂದಿಯ ‘ಬೇಟಾ’, ಮರುವರ್ಷ ‘ಅಣ್ಣಯ್ಯ’ ಆಯಿತು. ಒಂದೇ ಮಲತಾಯಿ ಮೂರು ಭಾಷೆ ಸುತ್ತಿ ಮನೆಗೆ ಮರಳಿದಳು! ಅನುದಾನ ಕಡಿಮೆಯಾದರೂ ನಾವು ಬೈಯುವುದು ‘ಮಲತಾಯಿ ಧೋರಣೆ’ ಎಂದೇ ಅಲ್ಲವೇ?

ಈಚಿನ ಸಿನಿಮಾಗಳು ಸ್ವಲ್ಪ ಬದಲಾಗಿವೆ. ಹಾಲಿವುಡ್‌ನ ‘ಸ್ಟೆಪ್‌ಮಾಮ್’ನಲ್ಲಿ (1998) ಹೆತ್ತ ತಾಯಿ ಮತ್ತು ಹೊಸದಾಗಿ ಬರುವವಳು ಜಗಳವಾಡುತ್ತಾರೆ. ಆದರೆ ಇಬ್ಬರೂ ಕೆಟ್ಟವರಲ್ಲ. ಮಲಯಾಳದ ‘ಕುಂಬಳಂಗಿ ನೈಟ್ಸ್’ನ (2019) ನಾಲ್ವರು ಅಣ್ಣತಮ್ಮಂದಿರಿಗೂ ಒಂದೇ ತಂದೆ-ತಾಯಿಯಲ್ಲ. ಅಪ್ಪ ಇಲ್ಲ, ಅಮ್ಮ ಮನೆ ಬಿಟ್ಟು ಹೋಗಿದ್ದಾಳೆ. ಹೊಡೆದಾಡುತ್ತಾರೆ, ಮಾತು ಬಿಡುತ್ತಾರೆ. ಕಿರಿಯವನಿಗೆ ಗೆಳೆಯರನ್ನು ಮನೆಗೆ ಕರೆಯಲೂ ನಾಚಿಕೆ. ಕೊನೆಗೆ ಒಬ್ಬರಿಗೊಬ್ಬರು ಆಗುವುದು ರಕ್ತದಿಂದಲ್ಲ, ಒಂದೇ ಸೂರಿನಡಿ ಕಷ್ಟಪಟ್ಟು ಬಾಳಿದ್ದರಿಂದ.

ಕಳೆದ ಸೆಮಿಸ್ಟರ್ ರಜೆಯಲ್ಲಿ ಅದನ್ನು ಲ್ಯಾಪ್‌ಟಾಪ್‌ನಲ್ಲಿ ಹಾಕಿ, ಸಬ್‌ಟೈಟಲ್ ಓದಿ ಚಿಕ್ಕಮ್ಮ, ತಂಗಿ ಇಬ್ಬರಿಗೂ ಕನ್ನಡದಲ್ಲಿ ಹೇಳಿದೆ. ಚಿಕ್ಕಮ್ಮ ಈ ಸಲ ಏಳಲಿಲ್ಲ. ಮುಗಿದ ಮೇಲೆ ‘ಪಾಪ, ಆ ಮನೆ ಗುಡಿಸೋರೇ ಇರ್ಲಿಲ್ಲ ನೋಡು’ ಎಂದರು. ತಂಗಿ ನಕ್ಕಳು. ‘ಇವನ ಹಾಸ್ಟೆಲ್ ರೂಮೂ ಹಾಗೇ ಇರುತ್ತೆ’ ಎಂದಳು.

ಆದರೆ ಹೊಸ ಸಿನಿಮಾಗಳಲ್ಲೂ ನನಗೊಂದು ಕೊರತೆ ಕಾಣುತ್ತದೆ. ಅಲ್ಲಿ ಸಂಬಂಧ ಎರಡು ಗಂಟೆಯಲ್ಲಿ, ಒಂದು ಸಾವು ಅಥವಾ ಒಂದು ಹೊಡೆದಾಟದಲ್ಲಿ ಗಟ್ಟಿಯಾಗುತ್ತದೆ. ನಮ್ಮ ಮನೆಯಲ್ಲಿ ಅಂಥದ್ದೇನೂ ನಡೆಯಲಿಲ್ಲ. ಆರು ವರ್ಷ ಟಿಫನ್ ಡಬ್ಬಿ, ಜ್ವರದ ಮಾತ್ರೆ, ತಂಗಿಯ ಲೆಕ್ಕದ ಹೋಂವರ್ಕ್, ಇಷ್ಟೇ. ಇದನ್ನು ತೆಗೆದರೆ ಯಾರು ನೋಡುತ್ತಾರೆ?

ಈಗ ನನ್ನನ್ನು ಕಾಡುವುದು ನೆಂಟರ ಆ ಹಳೆಯ ಪ್ರಶ್ನೆ. ಅದನ್ನು ಎಲ್ಲರೂ ನನಗೇ ಕೇಳಿದರು. ‘ಹುಡುಗ ನಿನ್ನನ್ನು ಚೆನ್ನಾಗಿ ನೋಡ್ಕೋತಾನಾ?’ ಎಂದು ಚಿಕ್ಕಮ್ಮನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ, ಮೊದಲ ಎರಡು ವರ್ಷ ಅವರು ಸುಳ್ಳು ಹೇಳಬೇಕಾಗುತ್ತಿತ್ತು.