ಎಳೆದರೂ ಕಳಚದ ಡ್ರಾ

ಮನೆಯ ಮರದ ಸಾಮಾನುಗಳಲ್ಲಿ ಡ್ರಾದಷ್ಟು ದುಡಿಯುವುದು ಇನ್ನೊಂದಿಲ್ಲ. ಕುರ್ಚಿ ನಿಂತಲ್ಲೇ ನಿಂತು ಭಾರ ಹೊರುತ್ತದೆ. ಡ್ರಾ ಹಾಗಲ್ಲ, ತುಂಬಿದ ಭಾರದ ಸಮೇತ ಹೊರಗೆ ಬರಬೇಕು, ಒಳಗೆ ಹೋಗಬೇಕು. ದಾವಣಗೆರೆಯ ಮಂಡಿ ಅಂಗಡಿಗಳ ಗಲ್ಲಾ ಡ್ರಾ ಬೆಳಗಿನಿಂದ ಸಂಜೆಯವರೆಗೆ ಪಡುವ ಪಾಡನ್ನು ಸ್ವಲ್ಪ ಹೊತ್ತು ಕೂತು ನೋಡಿ. ಪ್ರತಿ ಸಲವೂ ಎಳೆತ ಬೀಳುವುದು ಮುಂದಿನ ಹಲಗೆಯ ಮೇಲೆ. ಅದು ಪಕ್ಕದ ಹಲಗೆಗಳಿಂದ ಕಿತ್ತು ಬರದ ಹಾಗೆ ಹಿಡಿದಿಡುವುದು ಎರಡು ಮೂಲೆಗಳ ಜಾಯಿಂಟು. ಹಾಗಾಗಿ ಡ್ರಾ ಮಾಡಲು ಕೂತವರು ಮೊದಲು ಯೋಚಿಸಬೇಕಾದ್ದು ಮುಂದಿನ ಮೂಲೆಯ ಬಗ್ಗೆ.

ನಾನು ಹರಿಹರದಲ್ಲಿ ಎರಕದ ಕೆಲಸಕ್ಕೆ ಮರದ ಪ್ಯಾಟರ್ನ್ ಮಾಡುತ್ತಿದ್ದವನು. ಮರದಲ್ಲಿ ಮಾಡಿದ ಮಾದರಿಯನ್ನು ಮರಳಿನಲ್ಲಿ ಒತ್ತಿ, ಆ ಅಚ್ಚಿಗೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಬೀಡುಕಬ್ಬಿಣ ಆರುವಾಗ ಸುಮಾರು ನೂರಕ್ಕೆ ಒಂದರಷ್ಟು ಕುಗ್ಗುತ್ತದೆ. ಅದಕ್ಕೇ ಪ್ಯಾಟರ್ನನ್ನು ಅಷ್ಟು ದೊಡ್ಡದಾಗಿ ಮಾಡುತ್ತಿದ್ದೆವು, ಅದಕ್ಕೆಂದೇ ಬೇರೆ ಅಳತೆಪಟ್ಟಿ ಇತ್ತು. ಕಬ್ಬಿಣ ಒಂದು ಸಲ ಕುಗ್ಗಿದರೆ ಮುಗಿಯಿತು. ಮರಕ್ಕೆ ಆ ಮುಕ್ತಾಯ ಇಲ್ಲ. ಬೇಸಿಗೆಯಲ್ಲಿ ಕುಗ್ಗುತ್ತದೆ, ಮಳೆಗಾಲದಲ್ಲಿ ಹಿಗ್ಗುತ್ತದೆ, ಕಡಿದು ನೂರು ವರ್ಷವಾದರೂ ಇದನ್ನು ಬಿಡುವುದಿಲ್ಲ. ಈಗ ಕೊಂಡಜ್ಜಿಯಲ್ಲಿ ಮನೆಯ ಹಿಂದೆ ಕೂತು ಡ್ರಾ ಮಾಡುವಾಗ ನನ್ನ ಅರ್ಧ ಯೋಚನೆ ಇದರದ್ದೇ.

ಲೆಕ್ಕ ಹೇಳುತ್ತೇನೆ. ಮರ ಉದ್ದಕ್ಕೆ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ, ಹಿಗ್ಗುವುದೆಲ್ಲ ಅಗಲಕ್ಕೆ. ನಮ್ಮ ಕಡೆ ಮಾರ್ಚ್, ಏಪ್ರಿಲ್‌ನಲ್ಲಿ ಗಾಳಿ ಒಣಗಿ ಹೋಗುತ್ತದೆ, ಆಗಸ್ಟ್ ಹೊತ್ತಿಗೆ ಗೋಡೆಯೂ ತೇವ. ಈ ಎರಡರ ನಡುವೆ ಎಂಟು ಇಂಚು ಅಗಲದ ತೇಗದ ಹಲಗೆ ಸುಮಾರು 3 ಮಿಲಿಮೀಟರ್ ಅಗಲವಾಗಬಹುದು. ಅದೇ ಹಲಗೆಯನ್ನು ದಿಮ್ಮಿಯ ನಡುವಿನಿಂದ ಹೊರಕ್ಕೆ, ಉಂಗುರಗಳಿಗೆ ಅಡ್ಡಲಾಗಿ ಕೊಯ್ದಿದ್ದರೆ ಅದರ ಅರ್ಧದಷ್ಟು. ಸಾಮಿಲ್ಲಿನಲ್ಲಿ ಹಲಗೆ ಆರಿಸುವಾಗ ತುದಿಯನ್ನು ನೋಡಿ. ಉಂಗುರದ ಗೆರೆಗಳು ನೆಟ್ಟಗೆ ನಿಂತಿದ್ದರೆ ಅದನ್ನು ಡ್ರಾದ ಪಕ್ಕಕ್ಕೆ ಎತ್ತಿಡಿ.

ಯಾವ ಮರ? ತೇಗಕ್ಕೆ ಸಾಟಿಯಿಲ್ಲ ನಿಜ, ಬೆಲೆಯೂ ಹಾಗೇ ಇದೆ. ಹಳೇ ಮನೆ ಬಿಚ್ಚಿದಾಗ ಬರುವ ಬಾಗಿಲು, ತೊಲೆಗಳಲ್ಲಿ ಚೆನ್ನಾಗಿ ಒಣಗಿದ ತೇಗ, ಮತ್ತಿ, ಹೊನ್ನೆ ಸಿಗುತ್ತವೆ. ಮೊಳೆ ಕಿತ್ತು ಕೊಯ್ಯುವ ತಾಳ್ಮೆ ಇದ್ದರೆ ಹೊಸ ಮರಕ್ಕಿಂತ ನನಗೆ ಅದೇ ಇಷ್ಟ. ಬೇವು ನಮ್ಮೂರ ಮರ, ಹುಳ ಬೇಗ ಮುಟ್ಟುವುದಿಲ್ಲ. ಎಳೆ ಅಡ್ಡಾದಿಡ್ಡಿ ಇರುವುದರಿಂದ ಉಜ್ಜುಗೊರಡಿನ ಅಲಗು ಹರಿತವಿರಬೇಕು ಅಷ್ಟೆ. ತುಂಗಭದ್ರೆಯ ಆಚೆ ಕುಮಾರಪಟ್ಟಣದ ಕಾರ್ಖಾನೆ ತಿರುಳು ಮಾಡಲು ಬಳಸುವ ನೀಲಗಿರಿ ಅಗ್ಗಕ್ಕೆ ಸಿಗುತ್ತದೆ, ಆದರೆ ಒಣಗುವಾಗ ತಿರುಚಿಕೊಂಡು ಸೀಳುತ್ತದೆ. ಡ್ರಾಕ್ಕೆ ಬೇಡ. ಯಾವುದೇ ಮರವಾದರೂ ಕೆಚ್ಚಿನ ಭಾಗವನ್ನೇ ಆರಿಸಿ, ಬಿಳಿ ಭಾಗಕ್ಕೆ ಕುಟ್ಟೆ ಹತ್ತುತ್ತದೆ. ಹಸಿ ಹಲಗೆಯ ನಡುನಡುವೆ ಪಟ್ಟಿ ಇಟ್ಟು ನೆರಳಲ್ಲಿ ಪೇರಿಸಿಡಿ. ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಬಡಗಿಗಳ ಹಳೇ ಲೆಕ್ಕ.

ಈಗ ಜಾಯಿಂಟಿಗೆ ಬರೋಣ. ಹೋದ ಮಳೆಗಾಲದಲ್ಲಿ ಪಕ್ಕದ ಮನೆಯ ಹುಡುಗ ಮುಂದಿನ ಹಲಗೆ ಕಿತ್ತುಬಂದ ಡ್ರಾ ತಂದು, “ದೊಡ್ಡಪ್ಪ, ಎರಡು ಮೊಳೆ ಹೊಡ್ದು ಕೊಡ್ರಿ ಸಾಕು” ಅಂದ. ಪಾರ್ಟಿಕಲ್ ಬೋರ್ಡ್, ನೀರು ಕುಡಿದು ಅಂಚು ಉಬ್ಬಿತ್ತು. ಸ್ಕ್ರೂ ಹಾಕಿದ್ದ ತೂತುಗಳಲ್ಲಿ ಹುಡಿ ಉದುರುತ್ತಿತ್ತು. ಅಂಥದ್ದಕ್ಕೆ ಮೊಳೆ ಹಿಡಿಯುವುದಿಲ್ಲ. ಗಟ್ಟಿ ಮರವೇ ಆಗಿದ್ದರೂ, ಪಕ್ಕದ ಹಲಗೆಯ ತುದಿಗೆ ಮುಂದಿನಿಂದ ಹೊಡೆದ ಮೊಳೆ ಎಳೆಯ ಉದ್ದಕ್ಕೆ ಇಳಿದಿರುತ್ತದೆ, ಎಳೆದಂತೆ ಜಾರುತ್ತದೆ. ಆ ತುದಿಗೆ ಅಂಟೂ ಸರಿಯಾಗಿ ಹಿಡಿಯುವುದಿಲ್ಲ. ಮರದ ಸಣ್ಣ ಕೊಳವೆಗಳ ಬಾಯಿ ಅಲ್ಲಿ ತೆರೆದಿರುತ್ತದೆ, ಫೆವಿಕಾಲನ್ನು ಒಳಗೆಳೆದುಕೊಂಡು ಸಂದನ್ನು ಒಣಗಿಸಿಬಿಡುತ್ತವೆ.

ಇದಕ್ಕೆ ಮನುಷ್ಯ ಕಂಡುಕೊಂಡ ಉಪಾಯ ಡವ್‌ಟೇಲ್. ಪ್ರಾಚೀನ ಈಜಿಪ್ಟಿನ ಪೀಠೋಪಕರಣಗಳಲ್ಲೂ ಅದು ಇದೆ. ಪಕ್ಕದ ಹಲಗೆಯ ತುದಿಯನ್ನು ಪಾರಿವಾಳದ ಬಾಲದ ಹಾಗೆ ಹೊರಗೆ ಅಗಲವಾಗಿ ಕತ್ತರಿಸಿ, ಮುಂದಿನ ಹಲಗೆಯಲ್ಲಿ ಅದೇ ಆಕಾರದ ಗೂಡು ಕೊರೆದು ಕೂರಿಸುವುದು. ಎಷ್ಟು ಎಳೆದರೂ ಅಗಲವಾದ ತುದಿ ಗೂಡಿನಿಂದ ಮುಂದಕ್ಕೆ ಜಾರಲು ದಾರಿಯಿಲ್ಲ. ಅಂಟು ಬಿಟ್ಟರೂ ಆಕಾರವೇ ಹಿಡಿದಿರುತ್ತದೆ. ಗಟ್ಟಿ ಮರಕ್ಕೆ ಎಂಟಕ್ಕೆ ಒಂದು, ಮೆದು ಮರಕ್ಕೆ ಆರಕ್ಕೆ ಒಂದು ಇಳಿಜಾರು ಸಾಕು. ಹೆಚ್ಚು ಓರೆ ಮಾಡಿದರೆ ಮೂಲೆ ಸಿಡಿಯುತ್ತದೆ. ಗೂಡನ್ನು ಮುಂದಿನ ಹಲಗೆಯ ಪೂರ್ತಿ ದಪ್ಪಕ್ಕೆ ಕೊರೆಯದೆ ಐದಾರು ಮಿಲಿಮೀಟರ್ ಬಿಟ್ಟರೆ ಹೊರಗಿನಿಂದ ಜಾಯಿಂಟು ಕಾಣುವುದಿಲ್ಲ. ಸಣ್ಣ ಗರಗಸ, ಹರಿತವಾದ ಉಳಿ, ಕೊಡತಿ ಇದ್ದರೆ ಮನೆಯಲ್ಲೇ ಆಗುವ ಕೆಲಸ ಇದು, ಯಂತ್ರ ಬೇಕಾಗಿಲ್ಲ.

ಹಿಂದಿನ ಮೂಲೆಗೆ ಇಷ್ಟು ಕಷ್ಟಪಡಬೇಡಿ. ಅಲ್ಲಿ ಎಳೆತ ಕಡಿಮೆ. ಪಕ್ಕದ ಹಲಗೆಯಲ್ಲಿ ಅಡ್ಡ ಗ್ರೂವ್ ತೆಗೆದು ಹಿಂದಿನ ಹಲಗೆ ಕೂರಿಸಿ, ಹೊರಗಿನಿಂದ ಬಿದಿರಿನ ಗೂಟ ಬಡಿದರೆ ಗಟ್ಟಿ.

ಪ್ಲೈವುಡ್ಡಿನದು ಬೇರೆ ನ್ಯಾಯ. ಪದರಗಳ ಎಳೆ ಒಂದಕ್ಕೊಂದು ಅಡ್ಡವಾಗಿರುವುದರಿಂದ ಅದು ಹಿಗ್ಗುವುದು ಬಹಳ ಕಡಿಮೆ, ಆದರೆ ಡವ್‌ಟೇಲ್ ಕತ್ತರಿಸಿದರೆ ಪದರ ಏಳುತ್ತದೆ. ಅದಕ್ಕೆ ಗ್ರೂವ್ ಜಾಯಿಂಟೇ ಸರಿ, ಅಂಟು ತುಂಬಾ ಚೆನ್ನಾಗಿ ಹಿಡಿಯುತ್ತದೆ. ಅಂಚಿಗೆ ಸ್ಕ್ರೂ ಹಾಕುವ ಮುನ್ನ ಸಣ್ಣ ತೂತು ಕೊರೆಯಿರಿ. ಸಿಂಕಿನ ಕೆಳಗಿನ ಡ್ರಾಕ್ಕೆ ಐಎಸ್ 710 ಮುದ್ರೆಯ ಪ್ಲೈ ಕೇಳಿ ತನ್ನಿ. ಚಾನೆಲ್ ಹಾಕುವುದಿದ್ದರೆ ಎರಡೂ ಪಕ್ಕ ಅರ್ಧರ್ಧ ಇಂಚು ಜಾಗ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಪಕ್ಕಕ್ಕೆ 12 ಮಿಲಿಮೀಟರ್ ದಪ್ಪ ಸಾಕು, ಮುಂದಕ್ಕೆ 18 ಇರಲಿ. ತಳಕ್ಕೆ 6 ಮಿಲಿಮೀಟರ್ ಪ್ಲೈ, ಆದರೆ ಅಂಗಡಿಯ 6 ಎಷ್ಟೋ ಸಲ 6 ಇರುವುದಿಲ್ಲ, ಅಳೆದೇ ಗ್ರೂವ್ ತೆಗೆಯಿರಿ. ತಳಕ್ಕೂ ಮರದ ಹಲಗೆಯೇ ಬೇಕೆನ್ನುವವರು ಅದರ ಎಳೆ ಎಡದಿಂದ ಬಲಕ್ಕೆ ಬರುವ ಹಾಗೆ ಇಡಬೇಕು, ಆಗ ಅದು ಹಿಗ್ಗುವುದು ಹಿಂದಕ್ಕೆ. ಗ್ರೂವಿಗೆ ಅಂಟು ಹಾಕಬಾರದು. ಹಿಂದಿನ ಹಲಗೆಯ ಅಡಿಯಿಂದ ಉದ್ದ ತೂತಿನಲ್ಲಿ ಒಂದೇ ಸ್ಕ್ರೂ ಹಾಕಿದರೆ ತಳಕ್ಕೆ ಓಡಾಡಲು ಜಾಗ ಸಿಗುತ್ತದೆ.

ಜೋಡಿಸಿದ ಕೂಡಲೇ, ಅಂಟು ಹಸಿಯಿರುವಾಗಲೇ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಿರಿ. ಎರಡು ಅಳತೆ ಸಮ ಬರುವವರೆಗೆ ಉದ್ದ ಬಂದ ಮೂಲೆಗಳನ್ನು ಒತ್ತಿ. ಮರದ ಹಳಿಯ ಮೇಲೆ ಓಡುವ ಡ್ರಾವನ್ನು ಏಪ್ರಿಲ್‌ನಲ್ಲಿ ಮಾಡಿದರೆ ಮೇಲೆ ಎರಡು ಮೂರು ಮಿಲಿಮೀಟರ್ ಸಂದು ಬಿಡಿ, ಆಗಸ್ಟ್‌ನಲ್ಲಾದರೆ ಒಂದು ಸಾಕು. ಮಳೆಗಾಲದಲ್ಲಿ ಡ್ರಾ ಬಿಗಿಯಾದರೆ ಕೂಡಲೇ ಕೀಸಲು ಹೋಗಬೇಡಿ, ಬೇಸಿಗೆಗೆ ಅದು ಗಡಗಡ ಅನ್ನುತ್ತದೆ. ಹಳಿಗೆ ಮೇಣದ ಬತ್ತಿ ಉಜ್ಜಿ. ಡಿಸೆಂಬರ್‌ನಲ್ಲೂ ಬಿಗಿಯಾಗೇ ಇದ್ದರೆ ಆಗ ಉಜ್ಜುಗೊರಡು ತೆಗೆಯಿರಿ.